ನೆಲ ಡೊಂಕು

ಮಾರ್ಚ್ ೪

ಗಡಿಬಿಡಿ,

ಗಯ್ಯಾಳಿ ಇವತ್ತು ಬೆಳಿಗ್ಗೆ ಲಾರಿ ಹತ್ತಿದಳು. ಈ ಕಾಗದವನ್ನು ಲಾರಿ ಚಾಲಕನ ಕೈಗೇ ಕೊಟ್ಟು, "ಗಾಡಿಗಿಂತ ಮುಂಚೆ ಇದನ್ನ ಕೊಡಿ" ಎಂದು ಹೇಳಿದ್ದೇನೆ. ಆದರೂ ನೀನು ಮೊದಲು ಗಾಡಿಯ ಹತ್ತಿರ ಓಡಿ, ಆಮೇಲೆ ಎಣ್ಣೆ ಕೈಯಲ್ಲಿ ಇದನ್ನು ಬಿಡಿಸುತ್ತಿದ್ದೀಯ ಎಂದು ಗೊತ್ತು. ತಿಂಗಳು ತುಂಬುವ ತನಕ ಹೊಟ್ಟೆಯಲ್ಲಿ ಕಾಯಲಾರದವನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ.

ಗಾಡಿಗೆ ಗಯ್ಯಾಳಿ ಎಂದು ಹೆಸರಿಟ್ಟವಳು ಅಮ್ಮ. ಮೊದಲ ಸಲ ಎಂಜಿನ್ ಚಾಲೂ ಮಾಡಿದ ದಿನ ಮಹಡಿ ಇಳಿದು ಶೆಡ್ಡಿಗೆ ಬಂದು, ಎರಡೂ ಕಿವಿ ಮುಚ್ಚಿಕೊಂಡು, "ಬೀದಿಗೆಲ್ಲ ಕೇಳೋ ಹಾಗೆ ಬೈತಾಳಲ್ಲೇ! ಯಾವ ಗಯ್ಯಾಳಿನ ಮನೆಗೆ ತಂದಿದ್ದೀಯ?" ಎಂದಳು. ಆ ಹೆಸರೇ ನಿಂತಿತು. ಈಗ ಲಾರಿ ಹೋದ ಮೇಲೆ, "ಮನೆ ಬಿಕೋ ಅಂತಿದೆ" ಎನ್ನುತ್ತಾಳೆ.

ಅಪ್ಪ ಹೋದ ಮೇಲೆ ಪೂರ್ತಿ ನನ್ನ ಕೈಯಿಂದಲೇ ಆದ ಮೊದಲ ಗಾಡಿ ಇದು. ಚಾಸಿಯ ಪ್ರತಿ ಬೆಸುಗೆ, ಮೈಮೇಲಿನ ಪ್ರತಿ ತಗಡು ನನ್ನದೇ. ಬಲಗಡೆಯ ಮಡ್‌ಗಾರ್ಡ್ ಮಾತ್ರ ನನ್ನ ಪ್ರಾಣ ತೆಗೆಯಿತು. ಬಡಿದು ಮುಗಿಸಿದೆ ಅನ್ನುವಾಗಲೆಲ್ಲ ಕಣ್ಣು ಮುಚ್ಚಿ ಅಂಗೈ ಸವರಿದರೆ ಎಲ್ಲೋ ಒಂದು ಸಣ್ಣ ಉಬ್ಬು ಸಿಗುತ್ತಿತ್ತು. ಮತ್ತೆ ಮರಳು ಚೀಲದ ಮೇಲಿಟ್ಟು ಬಡಿಯುವುದು, ಮತ್ತೆ ಸವರುವುದು. ಅಪ್ಪನ ಮಾತು ನೆನಪಿದೆಯಲ್ಲ, "ಕಣ್ಣು ಮೋಸ ಹೋಗುತ್ತೆ, ಕೈ ಹೋಗಲ್ಲ." ಅದಕ್ಕೇ ಅವರು ತಮ್ಮ ಒಂದು ಗಾಡಿಯನ್ನೂ ನೀನು ಓಡಿಸಿ ಹೇಳುವ ತನಕ ಯಾರಿಗೂ ಕೊಡುತ್ತಿರಲಿಲ್ಲ.

ನಾನೂ ಕೊಡುವುದಿಲ್ಲ. ಗಿರಾಕಿ ದಂತವೈದ್ಯೆ, ನಿನಗೆ ಹೇಳಿದ್ದೆನಲ್ಲ. ವರ್ಷಗಟ್ಟಲೆ ಕಾದಿದ್ದಾರೆ ಪಾಪ. ಬಂದಾಗಲೆಲ್ಲ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಜೇಬಿನಿಂದ ತೆಗೆದು ಗಾಡಿಯ ಹೊಟ್ಟೆಯ ಕೆಳಗೆಲ್ಲ ಹಿಡಿದು ನೋಡುತ್ತಾರೆ. ಅವರಿಗೆ ಬೇಕಿರುವುದು ನಿಮ್ಮ ಪರೀಕ್ಷಾ ಟ್ರ್ಯಾಕಿನ ಸಹಿ. ನನಗೆ ಬೇಕಿರುವುದು ನಿನ್ನ ಸಹಿ. ನಮ್ಮ ಬೀದಿಯವರು ಏನು ಹೇಳುತ್ತಾರೆ ಎಂದು ನಿನಗೂ ಗೊತ್ತು: ಯಜಮಾನರು ಹೋದರು, ಆ ಶೆಡ್ಡಿನಲ್ಲಿ ಇನ್ನು ಬಸ್ಸಿನ ಬಾಗಿಲು ರಿಪೇರಿಯೇ ಗತಿ. ಗಯ್ಯಾಳಿ ಗೆದ್ದರೆ ಆ ಬಾಯಿಗಳು ಮುಚ್ಚುತ್ತವೆ. ಸೋತರೆ ನಾನೂ ನಾಳೆಯಿಂದ ಬಾಗಿಲು ಬಡಿಯುತ್ತೇನೆ, ನಾಚಿಕೆಯೇನಿಲ್ಲ. ಸುಳ್ಳು. ತುಂಬಾ ನಾಚಿಕೆಯಾಗುತ್ತದೆ.

ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಜಗಳ ಆಡುತ್ತೇವೆ. ಬರೆ.

ಅಕ್ಕ


ಮಾರ್ಚ್ ೧೨

ಸುತ್ತಿಗೆ ಅಕ್ಕ,

ಹೌದು, ಗಾಡಿಯನ್ನೇ ಮೊದಲು ನೋಡಿದೆ. ಕಾಗದ ಮೂರು ದಿನ ಜೇಬಿನಲ್ಲೇ ಇತ್ತು. ಬೈಯಬೇಡ.

ಏನು ಮಾಡಿಟ್ಟಿದ್ದೀಯೇ ಮಹಾರಾಯಿತಿ! ಮೊದಲ ದಿನ ನಿಧಾನಕ್ಕೆ ಓಡಿಸಿ ಅವಳ ಗುಣ ತಿಳಿದುಕೊಂಡೆ. ಎರಡನೇ ದಿನ ಉದ್ದ ದಾರಿಯಲ್ಲಿ ಬಿಟ್ಟೆ ನೋಡು, ಯಾರೋ ಎರಡೂ ಕೈಯಲ್ಲಿ ಬೆನ್ನಿಗೆ ದಬ್ಬಿದ ಹಾಗಾಯಿತು. ಗೇರು ಬದಲಿಸುವಷ್ಟರಲ್ಲಿ ದಾರಿ ಮುಗಿದಿರುತ್ತದೆ. ತಿರುವುಗಳಲ್ಲಿ ಹಿಂದಿನ ಚಕ್ರ ಜಾರುವ ಮುಂಚೆ ನನಗೆ ಹೇಳುತ್ತಾಳೆ, ಹೇಳಿಯೇ ಜಾರುತ್ತಾಳೆ. ಅಪ್ಪನ ಗಾಡಿಗಳೂ ಇಷ್ಟು ಮಾತಾಡುತ್ತಿರಲಿಲ್ಲ. ಇಲ್ಲಿ ನನ್ನ ಜೊತೆಗೆ ಗಾಡಿ ಪರೀಕ್ಷೆ ಮಾಡುವ ಮೀಸೆಯವನಿದ್ದಾನಲ್ಲ, ಯಾವುದನ್ನೂ ಹೊಗಳದ ಮನುಷ್ಯ, ಗೋಡೆಯ ಮೇಲೆ ಕೂತು ನೋಡಿ, "ಯಾರಪ್ಪ ಮಾಡಿದ್ದು ಇದನ್ನ?" ಎಂದ. "ಯಾರಪ್ಪನೂ ಅಲ್ಲ, ನಮ್ಮಕ್ಕ" ಎಂದೆ.

ಒಂದೇ ಒಂದು ಕೊರತೆ. ವೇಗದಲ್ಲಿದ್ದಾಗ ಬ್ರೇಕ್ ಗಟ್ಟಿಯಾಗಿ ಒತ್ತಿದರೆ ಎಡಕ್ಕೆ ಎಳೆಯುತ್ತಾಳೆ. ಹೆಚ್ಚಿಲ್ಲ. ಆದರೆ ಪ್ರತಿ ಸಲವೂ ಎಳೆಯುತ್ತಾಳೆ, ಯಾವಾಗಲೂ ಎಡಕ್ಕೇ. ಮೆಲ್ಲಗೆ ಒತ್ತಿದರೆ ಏನಿಲ್ಲ. ಇದನ್ನು ಬಿಟ್ಟು ನಾನು ಸಹಿ ಹಾಕಲಾರೆ, ನೀನೂ ಹಾಕಿಸಿಕೊಳ್ಳುವವಳಲ್ಲ. ಅದೇ ಲಾರಿಯಲ್ಲಿ ವಾಪಸು ಕಳಿಸುತ್ತಿದ್ದೇನೆ. ಎಡಗಡೆಯ ಬ್ರೇಕನ್ನು ನೋಡು.

ಅಕ್ಷರ ಸೊಟ್ಟಗಿದೆ ಎಂದು ಅಣಕಿಸಬೇಡ. ಈ ಕೋಣೆಯ ಮೇಜು ಅಲುಗುತ್ತದೆ. ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟೆ, ಆದರೂ ಬುದ್ಧಿ ಬಂದಿಲ್ಲ. ಇಲ್ಲಿಯ ಕ್ಯಾಂಟೀನಿನ ಲೋಟಗಳೂ ಹಾಗೇ, ಯಾವ ಸೋಪಿನಲ್ಲಿ ತೊಳೆಯುತ್ತಾರೋ, ಹಿಡಿದರೆ ಜಾರುತ್ತವೆ. ಮೊನ್ನೆ ಒಂದು ಒಡೆದು, ಕ್ಯಾಂಟೀನಿನವಳು ಈಗ ನನಗೆ ಸ್ಟೀಲಿನದ್ದೇ ಕೊಡುತ್ತಾಳೆ, ಮಗುವಿಗೆ ಕೊಟ್ಟ ಹಾಗೆ.

ಅಮ್ಮನಿಗೆ ಹೇಳು, ಅವಳ ಗಯ್ಯಾಳಿ ಇಲ್ಲಿಯೂ ಎಲ್ಲರನ್ನೂ ಬೈದಳು ಎಂದು.

ಗಡಿಬಿಡಿ


ಮಾರ್ಚ್ ೨೩

ಗಡಿಬಿಡಿ,

ನಿನ್ನ ಕಾಗದವನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಮೀಸೆಯವನ ಮಾತನ್ನು ಮೂರು ಸಲ.

ಎಡಗಡೆಯ ಬ್ರೇಕನ್ನು ಬಿಚ್ಚಿದೆ. ಸರಿಯಾಗಿತ್ತು. ಬಲಗಡೆಯದ್ದನ್ನೂ ಬಿಚ್ಚಿದೆ. ಅದೂ ಸರಿ. ಚಕ್ರದ ಕೋನ, ಸ್ಪ್ರಿಂಗು, ಸ್ಟೇರಿಂಗು, ಕೊನೆಗೆ ಚಾಸಿಯ ಮೂಲೆಯಿಂದ ಮೂಲೆಗೆ ದಾರ ಕಟ್ಟಿ ಅಳೆದೆ. ಎರಡು ದಾರವೂ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಎದುರು ಗ್ಯಾರೇಜಿನವನ ಹತ್ತಿರ ಬ್ರೇಕ್ ಪರೀಕ್ಷೆ ಮಾಡುವ ಯಂತ್ರ ಇದೆ, ಅದರ ಮೇಲೂ ನಿಲ್ಲಿಸಿದೆ. ಎರಡೂ ಕಡೆ ಒಂದೇ ಹಿಡಿತ.

ಹಾಗಾದರೆ ಎಳೆಯುವವರು ಯಾರು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮೇಜು ಅಲುಗುತ್ತದೆ, ಲೋಟ ಜಾರುತ್ತದೆ, ಈಗ ನನ್ನ ಗಾಡಿಯೂ ಸೊಟ್ಟ. ಅಲ್ಲಿ ನೇರವಾಗಿರುವುದು ನೀನೊಬ್ಬನೇ ಏನೋ ಪುಣ್ಯಾತ್ಮ?

ತಮಾಷೆಗೆ ಹೇಳಿದೆ. ನಿಮ್ಮ ದಾರಿಯೇ ಒಂದು ಕಡೆ ಇಳಿಜಾರು ಇರಬಹುದು, ಬೇರೆ ಕಡೆ ಹಿಡಿದು ನೋಡು. ಗಾಡಿಯನ್ನು ಇದ್ದ ಹಾಗೇ ಮತ್ತೆ ಕಳಿಸುತ್ತಿದ್ದೇನೆ. ಬೇಗ ಬರೆ, ದಂತವೈದ್ಯೆಯವರು ದಿನಕ್ಕೊಮ್ಮೆ ಶೆಡ್ಡಿನ ಮುಂದೆ ನಿಂತು ಹಲ್ಲು ಕಿರಿಯುತ್ತಾರೆ.

ಅಕ್ಕ


ಏಪ್ರಿಲ್ ೧೫

ಶೆಡ್ಡಿನ ಯಜಮಾನಿಯವರಿಗೆ,

ತಾವು ಕಳಿಸಿದ ಗಾಡಿಯನ್ನು ಮತ್ತೆ ಪರೀಕ್ಷಿಸಲಾಗಿದೆ. ದಾರಿಯ ಎರಡೂ ದಿಕ್ಕಿನಲ್ಲಿ, ಒಣ ನೆಲದಲ್ಲಿ, ಒದ್ದೆ ನೆಲದಲ್ಲಿ. ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆಯುತ್ತದೆ.

ಈ ಕೆಲಸವನ್ನು ಹದಿನೇಳು ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಕೈಯ ಮೇಲೆ ನಂಬಿಕೆ ಇಲ್ಲದಿದ್ದರೆ ಗಾಡಿಯನ್ನು ಬೇರೆಯವರ ಹತ್ತಿರ ಕಳಿಸಬಹುದು. ಕುಣಿಯಲು ಬರುವವರು ಇನ್ನೂ ಬೇಕಾದಷ್ಟು ಜನ ಇದ್ದಾರೆ.

ಗಾಡಿ ಲಾರಿಯಲ್ಲಿ ಬರುತ್ತಿದೆ.


ಏಪ್ರಿಲ್ ೨೦

ಲೋ ಮುಂಗೋಪಿ,

ಒಂದು ಗಾದೆಗೆ ಇಷ್ಟು ಉರಿಯಾ? ಚಿಕ್ಕಂದಿನಲ್ಲಿ ಇದಕ್ಕಿಂತ ಕೆಟ್ಟದ್ದು ಅಂದಿದ್ದೇನೆ, ಆಗ ನೀನು ತಿರುಗಿ ನನ್ನ ಜಡೆ ಎಳೆಯುತ್ತಿದ್ದೆ. ಅದೇ ಚೆನ್ನಾಗಿತ್ತು. ಈ "ತಾವು" ಗೀವು ನನಗೆ ಬೇಡ. ತಪ್ಪಾಯಿತು ಮಾರಾಯ, ಬಿಡು. ಅಮ್ಮ ನಿನ್ನ ಕಾಗದ ನೋಡಿ, "ಇದೇನೇ, ಬ್ಯಾಂಕಿನವರು ಬರೆದ ಹಾಗಿದೆ" ಎಂದಳು.

ಕೇಳು. ಸಿಕ್ಕಿತು. ಎಡಗಡೆ ಬ್ರೇಕಿನ ಒಳಗೆ ಪಿಸ್ಟನ್ ಒಂದು ಅಂಟಿಕೊಳ್ಳುತ್ತಿತ್ತು, ಬಿಸಿಯಾದಾಗ ಮಾತ್ರ. ಅದಕ್ಕೇ ಇಲ್ಲಿ ತಣ್ಣಗಿದ್ದಾಗ ಗೊತ್ತಾಗಲಿಲ್ಲ. ಸರಿ ಮಾಡಿದ್ದೇನೆ. ನಿನ್ನ ಕೈ ಹೇಳಿದ್ದೇ ನಿಜ. ಯಾವಾಗ ಸುಳ್ಳಾಗಿತ್ತು ಹೇಳು.

ಈ ಸಲ ಬರೆಯಲು ಹೆಚ್ಚೇನಿಲ್ಲ. ಓಡಿಸಿ ನೋಡು.

ಅಕ್ಕ


ಏಪ್ರಿಲ್ ೨೯

ಸುತ್ತಿಗೆ ಅಕ್ಕ,

ನೇರ! ದಾರ ಹಿಡಿದು ಗೆರೆ ಎಳೆದ ಹಾಗೆ ನೇರ! ಎಷ್ಟು ವೇಗದಲ್ಲಿ ಬೇಕಾದರೂ ಒತ್ತು, ಮೂಗು ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಾಳೆ. ಬೆಳಿಗ್ಗೆಯಿಂದ ಅದನ್ನೇ ಮಾಡಿದ್ದೇನೆ, ಓಡಿಸುವುದು, ನಿಲ್ಲಿಸುವುದು. ಚಿಕ್ಕ ಹುಡುಗನ ಹಾಗೆ ನಕ್ಕಿದ್ದೇನೆ ಅಂದರೆ ನಂಬುತ್ತೀಯಾ? ಹೆಲ್ಮೆಟ್ ಒಳಗೆ, ಒಬ್ಬನೇ.

ಕೋಪಕ್ಕೆ ಕ್ಷಮಿಸು. ಆ ಕಾಗದ ಬರೆದ ಮೇಲೆ ನನಗೂ ಸರಿಬರಲಿಲ್ಲ. ಏನೆಂದರೆ ಅಕ್ಕ, ನಿನ್ನ ದಾರ, ಆ ಯಂತ್ರ, ಎಲ್ಲವೂ ಒಂದು ಹೇಳಿ ನನ್ನ ಕೈ ಇನ್ನೊಂದು ಹೇಳಿದರೆ ನಾನು ಎಲ್ಲಿ ನಿಲ್ಲಲಿ? ನನ್ನ ಹತ್ತಿರ ಬೇರೆ ಏನಿದೆ? ಆ ದಿನಗಳಲ್ಲಿ ನನಗೆ ಹೆದರಿಕೆಯಾಗಿತ್ತು, ಈಗ ಹೇಳಬಹುದು. ಪಿಸ್ಟನ್ ಸಿಕ್ಕಿತಲ್ಲ, ಬದುಕಿದೆ.

ಮೀಸೆಯವನು ಒಂದು ಸುತ್ತು ಕೊಡು ಎಂದು ಗೋಗರೆದ. ಕೊಡಲಿಲ್ಲ. ನಮ್ಮನೆ ಗಾಡಿಗೆ ನಮ್ಮನೆ ಕೈಯೇ ಸಾಕು ಎಂದೆ. ಸಹಿ ಹಾಕಿದ್ದೇನೆ: ಬ್ರೇಕ್ ಒತ್ತಿದಾಗ ನೇರ ನಿಲ್ಲುತ್ತದೆ. ದಂತವೈದ್ಯೆಯವರು ಶನಿವಾರ ಇಲ್ಲಿಗೇ ಬರುತ್ತಾರಂತೆ. ಬೀದಿಗೆ ಇಳಿಸುವ ಮುಂಚೆ ಟ್ರ್ಯಾಕಿನಲ್ಲಿ ಒಮ್ಮೆ ಓಡಿಸಬೇಕಂತೆ ಅವರಿಗೆ. ಬರಲಿ, ನಾನೇ ಹೇಳಿಕೊಡುತ್ತೇನೆ.

ಬೀದಿಯವರಿಗೆ ಹೇಳು, ಬಸ್ಸಿನ ಬಾಗಿಲು ಕೆಟ್ಟರೆ ಬೇರೆ ಕಡೆ ಹೋಗಲಿ.

ಗಡಿಬಿಡಿ


ಮೇ ೬

ಅಕ್ಕ,

ಮೊದಲು ಮುಖ್ಯವಾದದ್ದು. ಹಲ್ಲಿನ ಡಾಕ್ಟರಿಗೆ ಏನೂ ಆಗಿಲ್ಲ. ಭುಜದಲ್ಲಿ ಬೆಲ್ಟಿನ ಗುರುತು ಇದೆ, ಅಷ್ಟೇ. ಬೆರಳುಗಳೆಲ್ಲ ಸರಿ ಇವೆ.

ಶನಿವಾರ ಅವರು ನಿಧಾನಕ್ಕೆ ಓಡಿಸಿದರು, ಚೆನ್ನಾಗಿಯೇ ಓಡಿಸಿದರು. ಮಧ್ಯಾಹ್ನ ಉದ್ದ ದಾರಿಯಲ್ಲಿ ವೇಗ ಹೆಚ್ಚಿಸಲು ನಾನೇ ಹೇಳಿದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಬ್ರೇಕ್ ಒತ್ತಿ, ಅವಳು ನೇರ ನಿಲ್ಲುತ್ತಾಳೆ, ಹೆದರಬೇಡಿ ಎಂದೂ ನಾನೇ ಹೇಳಿದೆ. ಒತ್ತಿದರು. ಗಾಡಿ ಬಲಕ್ಕೆ ಹೋಯಿತು. ಎಡಕ್ಕಲ್ಲ, ಬಲಕ್ಕೆ. ಹುಲ್ಲು ದಾಟಿ, ಹಳೆಯ ಟೈರುಗಳ ಗೋಡೆಗೆ ಹೋಗಿ ಗುದ್ದಿತು. ಬಲಗಡೆಯ ಮಡ್‌ಗಾರ್ಡ್ ಮುದುಡಿದೆ, ನಿನ್ನ ಪ್ರಾಣ ತೆಗೆದದ್ದು.

ಓಡಿ ಹೋಗಿ ಬಾಗಿಲು ತೆಗೆದೆವು. ಅವರು ಸೀಟಿನಲ್ಲೇ ಕೂತು ಎರಡೂ ಕೈ ಮುಂದೆ ಚಾಚಿ ಒಂದೊಂದೇ ಬೆರಳು ಮಡಚಿ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿ, "ತಪ್ಪು ನಂದೇ ಇರ್ಬೇಕು. ಇಂಥ ಗಾಡಿ ನಂಗೆ ಅಭ್ಯಾಸ ಇಲ್ಲ" ಎಂದರು. ಅವರ ತಪ್ಪಲ್ಲ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಪಕ್ಕದ ಸೀಟಿನಲ್ಲಿ ಕೂತು ಅವರು ಬ್ರೇಕ್ ಒತ್ತುವುದನ್ನು, ಸ್ಟೇರಿಂಗ್ ಹಿಡಿಯುವುದನ್ನು ನೋಡಿದ್ದೇನೆ. ಆದರೂ ಅದನ್ನು ಅವರಿಗೆ ಹೇಳಲಿಲ್ಲ.

ಸಂಜೆ ಮೀಸೆಯವನು ಮುಂದಿನ ಚಕ್ರಗಳನ್ನು ಬಿಚ್ಚುತ್ತೇನೆ ಎಂದ. ಬೇಡ, ಅಕ್ಕನನ್ನೇ ಕೇಳುತ್ತೇನೆ ಎಂದೆ. ಅದಕ್ಕೇ ಕೇಳುತ್ತಿದ್ದೇನೆ.

ಏನು ಮಾಡಿದೆ ಅಕ್ಕ? ಪಿಸ್ಟನ್ ಬಿಟ್ಟು ಇನ್ನೇನು ಮಾಡಿದೆ?


ಮೇ ೯

ತಮ್ಮ,

ಪಿಸ್ಟನ್ ಅಂಟಿಕೊಂಡಿರಲಿಲ್ಲ. ಯಾವುದೂ ಕೆಟ್ಟಿರಲಿಲ್ಲ.

ನೀನು ಎರಡನೇ ಸಲ ವಾಪಸು ಕಳಿಸಿದಾಗ ಮತ್ತೆ ಎಲ್ಲವನ್ನೂ ಬಿಚ್ಚಿ ನೋಡಿದೆ. ಗಾಡಿ ನೇರವಾಗಿತ್ತು. ದಾರ ನೇರ ಅಂದಿತು, ಯಂತ್ರ ನೇರ ಅಂದಿತು, ನಿನ್ನ ಕೈ ಮಾತ್ರ ಇಲ್ಲ ಅಂದಿತು. ಒಂದು ದಿನವೆಲ್ಲ ಗಾಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದೆ. ಕಣ್ಣು ಮೋಸ ಹೋಗುತ್ತೆ, ಕೈ ಹೋಗಲ್ಲ. ದಾರವನ್ನು ನೋಡುವುದು ಕಣ್ಣೇ ತಾನೇ, ಯಂತ್ರದ ಮುಳ್ಳನ್ನು ನೋಡುವುದೂ ಕಣ್ಣೇ. ಈ ಮನೆಯಲ್ಲಿ ಹುಟ್ಟಿದವಳು ಇನ್ನು ಯಾವುದನ್ನು ನಂಬಬೇಕಿತ್ತು? ಬಲಗಡೆಯ ಮುಂದಿನ ಬ್ರೇಕಿಗೆ ಸ್ವಲ್ಪ ಹೆಚ್ಚು ಕಚ್ಚುವ ಪ್ಯಾಡ್ ಹಾಕಿದೆ. ಎಡಕ್ಕೆ ಎಳೆಯುತ್ತದೆ ಅಂದೆಯಲ್ಲ, ಬಲಕ್ಕೆ ಅಷ್ಟೇ ಎಳೆದರೆ ಸಮ ಆಗುತ್ತದೆ ಎಂದು. ನೀನು ನೇರ ಅಂದೆ. ಅಲ್ಲಿಗೆ ನನ್ನ ಲೆಕ್ಕ ಸರಿಹೋಯಿತು ಎಂದುಕೊಂಡೆ.

ನೇರವಾಗಿದ್ದ ಗಾಡಿಯನ್ನು ನಾನೇ ಡೊಂಕು ಮಾಡಿ, ನೇರವಾಗಿದೆ ಎಂದು ಒಬ್ಬ ಹೆಂಗಸನ್ನು ಕೂರಿಸಿದೆ. ಅವರು ಬೆರಳು ಮಡಚಿ ನೋಡಿದ್ದನ್ನು ಓದಿದಾಗಿನಿಂದ ನನಗೆ ಸುತ್ತಿಗೆ ಹಿಡಿಯಲು ಆಗುತ್ತಿಲ್ಲ. ನಿನ್ನೆ ಅವರ ಆಸ್ಪತ್ರೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಇಬ್ಬರು ರೋಗಿಗಳ ನಡುವೆ, ಬಾಗಿಲ ಹತ್ತಿರ ನಿಂತೇ ಹೇಳಿದೆ. ಪೂರ್ತಿ ಕೇಳಿ, "ನೀವು ನನಗೆ ಹೇಳ್ದೆ ಇದ್ದಿದ್ರೆ ನಾನು ಇನ್ನು ಯಾವತ್ತೂ ಗಾಡಿ ಮುಟ್ತಿರ್ಲಿಲ್ಲ" ಎಂದರು. ಆಮೇಲೆ ನಿನ್ನ ಬಗ್ಗೆ ಏನೋ ಹೇಳಲು ಬಾಯಿ ತೆರೆದು, "ಅವರೇ ಹೇಳ್ಲಿ" ಎಂದು ಒಳಗೆ ಹೋದರು.

ಪುಟ್ಟಾ, ನಿನ್ನ ಹಳೆಯ ಕಾಗದಗಳನ್ನು ತೆಗೆದು ನೋಡಿದೆ. ಮೇಜು ಅಲುಗುತ್ತದೆ ಎಂದು ಬರೆದಿದ್ದೆ, ನಾನು ನಕ್ಕಿದ್ದೆ. ಲೋಟ ಜಾರುತ್ತದೆ ಎಂದಿದ್ದೆ, ಅದಕ್ಕೂ ನಕ್ಕಿದ್ದೆ. ಆ ಗಾದೆಯನ್ನು ಬೇರೆ ಬರೆದೆ. ಅದು ನಿನಗೆ ತಾಕಿದ್ದು ತಮಾಷೆಯಾಗಿ ಅಲ್ಲ, ಅಲ್ಲವಾ?

ನಿನ್ನ ಕೈಗೆ ಏನಾಗಿದೆ?

ಅಕ್ಕ


ಮೇ ೩೦

ತಮ್ಮ,

ಬರೆ. ಬೈದಾದರೂ ಬರೆ. "ತಾವು" ಎಂದಾದರೂ ಬರೆ.

ಗಾಡಿ ಬಂದು ತಲುಪಿತು. ಲಾರಿ ಚಾಲಕನನ್ನು ನಿನ್ನ ಬಗ್ಗೆ ಕೇಳಿದರೆ, "ಅವ್ರು ಕಾಣಿಸ್ಲಿಲ್ಲಮ್ಮ, ಮೀಸೆಯವ್ರೇ ಹತ್ತಿಸಿ ಕೊಟ್ರು" ಎಂದ. ಅಮ್ಮ ಮಡ್‌ಗಾರ್ಡನ್ನು ನೋಡಿದಳು. ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿ ಮಹಡಿಗೆ ಹೋದಳು. ನಿನಗೆ ಒಂದು ಮಾತು ಬರೆ ಎಂದಿದ್ದಾಳೆ: "ನೆಗಡಿ ಆದ್ರೂ ಫೋನ್ ಮಾಡೋನು, ದೊಡ್ಡದಾದಾಗ ಸುಮ್ನಾಗ್ತಾನೆ."

ಅಕ್ಕ


ಜೂನ್ ೧೪

ಅಕ್ಕ,

ಈ ಅಕ್ಷರ ನೋಡಿ ಗಾಬರಿಯಾಗಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಒಂದನೇ ತರಗತಿಯವನ ಹಾಗಿದೆ, ಆದರೆ ಬಲಗೈಯದ್ದಕ್ಕಿಂತ ವಾಸಿ.

ಕಳೆದ ವರ್ಷದ ಕೊನೆಯಿಂದಲೇ ಬಲಗೈಯ ಬೆರಳುಗಳು ಜೋಮು ಹಿಡಿದ ಹಾಗಿದ್ದವು. ಚಳಿಗೆ ಎಂದುಕೊಂಡೆ. ಚಳಿ ಹೋಯಿತು, ಜೋಮು ಹೋಗಲಿಲ್ಲ. ಗುಂಡಿ ಹಾಕುವುದು ಕಷ್ಟವಾಯಿತು, ಗುಂಡಿಯೇ ದಪ್ಪ ಅಂದುಕೊಂಡೆ. ಲೋಟಕ್ಕೆ ಸೋಪು, ಅಕ್ಷರಕ್ಕೆ ಮೇಜು. ಒಂದೊಂದಕ್ಕೂ ಒಂದು ಕಾರಣ ಸಿಗುತ್ತಿತ್ತು ಅಕ್ಕ. ಮನುಷ್ಯನಿಗೆ ಬೇಡದ್ದು ಎದುರಿಗೆ ನಿಂತರೆ ಎಷ್ಟು ಕಾರಣ ಸಿಗುತ್ತವೆ ಎಂದು ನಾನು ಈಗ ಪಾಠ ಹೇಳಬಲ್ಲೆ. ನಿನ್ನ ಗಾದೆ ಓದಿದ ದಿನ ಕಾಗದವನ್ನು ಮಡಚಿಟ್ಟು ಟ್ರ್ಯಾಕಿನ ಸುತ್ತ ನಡೆದೆ. ನಿನಗೆ ಗೊತ್ತಾಗಿಬಿಟ್ಟಿದೆ ಎಂದು ಭಯವಾಯಿತು. ಆಮೇಲೆ ನೀನು ಪಿಸ್ಟನ್ ಸಿಕ್ಕಿತು ಎಂದು ಬರೆದೆ. ಆ ಸುಳ್ಳು ನನಗೆ ಎಷ್ಟು ಹಿತವಾಯಿತು ಅಂದರೆ, ಅದನ್ನು ಪ್ರಶ್ನೆ ಮಾಡಲು ಮನಸ್ಸೇ ಬರಲಿಲ್ಲ.

ಆ ಶನಿವಾರ ಗಾಡಿಯ ಬಾಗಿಲು ಮೊದಲು ಹಿಡಿದವನು ನಾನೇ. ಬಲಗೈಯಲ್ಲಿ ಎಳೆದೆ, ಹಿಡಿಕೆ ಜಾರಿತು. ಮತ್ತೆ ಎಳೆದೆ, ಮತ್ತೆ ಜಾರಿತು. ಮೀಸೆಯವನು ಬಂದು ತೆಗೆದ. ಡಾಕ್ಟರು ಒಳಗಿನಿಂದ ಅದನ್ನು ನೋಡಿದ್ದಾರೆ. ತಮ್ಮ ಬೆರಳುಗಳನ್ನು ನೋಡಿಕೊಂಡಾದ ಮೇಲೆ ನನ್ನ ಕೈ ಹಿಡಿದರು. ಒಂದೊಂದೇ ಬೆರಳಿನ ತುದಿಯನ್ನು ಉಗುರಿನಿಂದ ಒತ್ತಿ, "ಇಲ್ಲಿ ಗೊತ್ತಾಗುತ್ತಾ? ಇಲ್ಲಿ?" ಎಂದು ಕೇಳಿದರು. ಎಲ್ಲದಕ್ಕೂ ಹೌದು ಎಂದೆ. "ಕಣ್ಣು ಮುಚ್ಚಿ ಹೇಳಿ" ಎಂದರು. ಕಣ್ಣು ಮುಚ್ಚಿದೆ. ಅವರು ಯಾವ ಬೆರಳನ್ನು ಒತ್ತಿದರು ಎಂದು ನನಗೆ ಗೊತ್ತಾಗಲಿಲ್ಲ. ಅಪಘಾತದಲ್ಲಿ ಸಿಕ್ಕಿದವರು ಅವರು, ಹುಲ್ಲಿನ ಮೇಲೆ ಕುಸಿದು ಕೂತವನು ನಾನು. ಇದನ್ನು ಹಿಂದಿನ ಕಾಗದದಲ್ಲಿ ಬರೆಯಲು ಆಗಲಿಲ್ಲ.

ಆಮೇಲೆ ನರದ ಡಾಕ್ಟರಿಗೆ ತೋರಿಸಿದೆ, ಕತ್ತಿನಲ್ಲಿ ನರ ಸಿಕ್ಕಿಕೊಂಡಿದೆಯಂತೆ. ಇಷ್ಟು ವರ್ಷ ಬ್ರೇಕ್ ಒತ್ತಿ ಒತ್ತಿ, ತಲೆ ಮುಂದಕ್ಕೆ ಬಿದ್ದು ಬಿದ್ದು ಆದದ್ದು. ಚಿಕಿತ್ಸೆ ಶುರುವಾಗಿದೆ. ಊಟದ ಚಮಚ ಹಿಡಿಯುವಷ್ಟು ವಾಪಸು ಬರುತ್ತದೆ, ಈ ಕೆಲಸಕ್ಕೆ ಬೇಕಾದಷ್ಟು ಬರುವುದಿಲ್ಲ ಎಂದು ನೇರವಾಗಿಯೇ ಹೇಳಿದರು. ಬ್ರೇಕ್ ಒತ್ತಿದಾಗ ಬಲಗೈ ಸಡಿಲವಾಗುತ್ತಿತ್ತು, ಎಡಗೈಯ ಭಾರಕ್ಕೆ ಸ್ಟೇರಿಂಗ್ ತಿರುಗುತ್ತಿತ್ತು. ಗಾಡಿ ಎಳೆಯುತ್ತಿರಲಿಲ್ಲ, ನಾನು ಎಳೆಯುತ್ತಿದ್ದೆ. ಅಪ್ಪ ಕೈ ಮೋಸ ಹೋಗಲ್ಲ ಎಂದರು. ಹೋದರೆ ಏನು ಮಾಡಬೇಕು ಎಂದು ಹೇಳದೆ ಹೋದರು.

ನಿನ್ನ ಮೇಲೆ ಕೋಪ ಇದೆ, ಸುಳ್ಳು ಹೇಳುವುದಿಲ್ಲ. ಸೊಟ್ಟಗಿರುವುದು ನೀನೇ ಕಣೋ ಎಂದು ನೀನಲ್ಲದೆ ಬೇರೆ ಯಾರು ಹೇಳಬೇಕಿತ್ತು? ಹೇಳಿದ್ದರೆ ನಾನು ನಿನ್ನ ಜೊತೆ ಮಾತೇ ಬಿಡುತ್ತಿದ್ದೆ, ಅದೂ ನಿಜ.

ಗಾಡಿಯನ್ನು ನೇರ ಮಾಡು. ಯಾರನ್ನೂ ಕೇಳಬೇಡ, ನಿನ್ನ ದಾರವನ್ನು ಕೇಳು.

ಗಡಿಬಿಡಿ


ಜೂನ್ ೨೦

ಗಡಿಬಿಡಿ,

ನಿನ್ನ ಎಡಗೈ ಅಕ್ಷರವನ್ನು ಅಮ್ಮ ಬೆಳಕಿಗೆ ಹಿಡಿದು ನೋಡಿ, "ಶಾಲೆಯಲ್ಲಿ ಇಷ್ಟು ದುಂಡಗೆ ಬರೀತಿರ್ಲಿಲ್ಲ" ಎಂದಳು. ಆಮೇಲೆ ಅತ್ತಳು. ನಾನೂ ಅತ್ತೆ. ಬಾ ಎಂದು ಕರೆಯುವುದಿಲ್ಲ, ಕರೆದರೆ ನೀನು ಬರುವುದಿಲ್ಲ. ಅಪ್ಪನ ಸ್ಟೂಲು ಖಾಲಿ ಇದೆ, ಅಷ್ಟು ಹೇಳುತ್ತೇನೆ.

ಗಯ್ಯಾಳಿಯ ಪ್ಯಾಡ್ ಬದಲಿಸಿದೆ. ಎರಡೂ ಕಡೆ ಮತ್ತೆ ಒಂದೇ. ಮಡ್‌ಗಾರ್ಡನ್ನು ಬಡಿದು ಮೊದಲಿನಂತೆ ಮಾಡಿದೆ. ಈ ಸಲ ಕಣ್ಣು ಮುಚ್ಚಿಯೂ ಸವರಿದೆ, ಕಣ್ಣು ಬಿಟ್ಟು ಅಳತೆಪಟ್ಟಿ ಇಟ್ಟೂ ನೋಡಿದೆ. ಎರಡರಲ್ಲಿ ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿಯಲಿ. ಡಾಕ್ಟರಿಗೆ ಇನ್ನೂ ಗಾಡಿ ಬೇಕಂತೆ. ನನಗೆ ನಂಬಲಾಗಲಿಲ್ಲ. "ಒಂದು ಹಲ್ಲು ವಕ್ರ ಇದೆ ಅಂತ ಯಾರಾದ್ರೂ ಬಾಯೆಲ್ಲ ಕೀಳ್ತಾರಾ?" ಎಂದರು. ಆದರೆ ಮತ್ತೆ ಪರೀಕ್ಷೆ ಆಗಬೇಕು, ಸಹಿ ಬೇರೆಯವರದ್ದಾಗಬೇಕು ಎಂದೂ ಹೇಳಿದರು. ಅದು ನ್ಯಾಯ.

ಮೀಸೆಯವನು ಓಡಿಸಲಿ. ನೀನು ಹೊರಗೆ ನಿಂತು ನೋಡು. ಬೇಸರವಾಗುತ್ತದೆ, ಗೊತ್ತು. ಆದರೂ ನಿಲ್ಲು. ನನಗೆ ಅವನ ಸಹಿ ಡಾಕ್ಟರಿಗಾಗಿ ಬೇಕು, ನಿನ್ನ ಮಾತು ನನಗಾಗಿ ಬೇಕು.

ಅಕ್ಕ


ಜುಲೈ ೫

ಸುತ್ತಿಗೆ ಅಕ್ಕ,

ಬೇಡ ಎಂದೇ ಇದ್ದೆ. ಬೆಳಿಗ್ಗೆ ಲಾರಿ ಬಂದಾಗ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದೆ. ಆಮೇಲೆ ಅವಳು ಬೈಯುವುದು ಕೇಳಿಸಿತು, ಹೊದಿಕೆಯ ಒಳಗೂ ಕೇಳಿಸಿತು. ಎದ್ದು ಚಪ್ಪಲಿಯಲ್ಲೇ ಓಡಿದೆ.

ಗೋಡೆಯ ಮೇಲೆ, ಮೀಸೆಯವನು ಕೂರುವ ಜಾಗದಲ್ಲಿ ಕೂತೆ. ಇಷ್ಟು ವರ್ಷದಲ್ಲಿ ನಾನು ಒಂದು ಗಾಡಿಯನ್ನೂ ಅಲ್ಲಿಂದ ನೋಡಿಲ್ಲ ಎಂದು ಆಗ ಹೊಳೆಯಿತು. ಅಪ್ಪನ ಗಾಡಿಗಳನ್ನೂ ನೋಡಿಲ್ಲ. ಯಾವಾಗಲೂ ಒಳಗೇ ಇದ್ದೆ. ನನಗೆ ಗೊತ್ತಿದ್ದದ್ದು ಸ್ಟೇರಿಂಗ್, ಪೆಡಲು, ಗಾಜಿನ ಆಚೆಯ ದಾರಿ. ಆ ಶನಿವಾರ ಹೊರಗೆ ನಿಂತಿದ್ದರೂ ನನ್ನ ಕಣ್ಣೆಲ್ಲ ಡಾಕ್ಟರ ಮೇಲಿತ್ತು, ನಿನ್ನ ಗಾಡಿ ಹೇಗಿದೆ ಎಂದು ಮೊದಲ ಸಲ ನೋಡಿದ್ದು ಈಗ. ಉದ್ದ ದಾರಿಯ ಆ ತುದಿಯಿಂದ ಬರುವಾಗ ಮೊದಲು ಬೆಳಕು ಕಾಣಿಸಿತು, ಆ ಬಲಗಡೆಯ ಮಡ್‌ಗಾರ್ಡಿನ ಮೇಲೆ ಬಿಸಿಲು. ಒಂದು ಕಡೆಯೂ ಮುರಿಯದೆ, ಮುಂದಿನಿಂದ ಬಾಗಿಲ ತನಕ ಹರಿದು ಬಂತು. ಇದನ್ನು ನೀನು ಬಡಿದು ಬಡಿದು ಮಾಡಿದ್ದು, ನಾನು ಒಳಗೆ ಕೂತು ಬೆನ್ನಿಗೆ ದಬ್ಬಿದ್ದನ್ನು ಮಾತ್ರ ಹೊಗಳಿದ್ದೆ. ತುಂಬಾ ಚೆನ್ನಾಗಿದೆ ಅಕ್ಕ. ಇದನ್ನು ಯಾರಾದರೂ ನಿನಗೆ ಮೊದಲೇ ಹೇಳಬೇಕಿತ್ತು.

ಮೀಸೆಯವನು ಗೋಡೆಯ ಎದುರಿಗೇ ಬ್ರೇಕ್ ಒತ್ತಿದ. ನನ್ನ ಕೈಗಳು ಇಲ್ಲಿ, ಗೋಡೆಯ ಮೇಲೆ, ಗಾಳಿಯಲ್ಲೇ ಸ್ಟೇರಿಂಗ್ ಹಿಡಿದವು. ನನಗೆ ಗೊತ್ತಿಲ್ಲದೆ ಎಡಗೈ ಕೆಳಗೆ ಜಗ್ಗಿತು. ಗಾಡಿ ಜಗ್ಗಲಿಲ್ಲ. ಬಿಳಿ ಗೆರೆಯ ಮೇಲೆ ಬಂದು, ಬಿಳಿ ಗೆರೆಯ ಮೇಲೇ ನಿಂತಿತು. ಮತ್ತೆ ಒಂದು ಸಲ, ಇನ್ನೂ ವೇಗದಲ್ಲಿ. ಮತ್ತೆ ಅಲ್ಲೇ. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ನೋಡಿದೆ.

ಸಹಿ ಅವನು ಹಾಕಿದ. ನನ್ನ ಮಾತು ಕೇಳಿದ್ದೆಯಲ್ಲ, ತಗೋ: ನೆಲ ನೇರವಾಗಿದೆ ಅಕ್ಕ. ಮೊದಲಿನಿಂದಲೂ ನೇರವಾಗಿಯೇ ಇತ್ತು.

ಮುಂದಿನ ತಿಂಗಳು ಊರಿಗೆ ಬರುತ್ತೇನೆ. ಸ್ಟೂಲಿನ ಮೇಲೆ ಕೂರುತ್ತೇನೋ ಇಲ್ಲವೋ, ಬಂದ ಮೇಲೆ ನೋಡೋಣ. ಅಮ್ಮನಿಗೆ ಹೇಳು.

ಇನ್ನೊಂದು ಹೇಳುವುದು ಮರೆತಿದ್ದೆ. ಇವತ್ತು ಬರೆಯಲು ಕೂತಾಗ ಮೇಜು ತುಂಬಾ ಅಲುಗಿತು. ಈ ಸಲ ನಿಜವಾಗಿಯೂ ಅಲುಗಿತು, ಬೇಕಾದರೆ ಮೀಸೆಯವನನ್ನು ಕೇಳು. ಬಗ್ಗಿ ಕಾಲಿನ ಕೆಳಗಿದ್ದ ರಟ್ಟನ್ನು ತೆಗೆದುಬಿಟ್ಟೆ. ಈಗ ಅಲುಗುತ್ತಿಲ್ಲ.

ಗಡಿಬಿಡಿ